ಕೇಳಿದ್ದು, ಕೇಳಿಸಿದ್ದು

ರೇಡಿಯೊಗೆ ಕಿವಿಗೊಟ್ಟು ಕೂತವರನ್ನು ಕನ್ನಡ ‘ಕೇಳುಗರು’ ಎನ್ನುತ್ತದೆ. ತರಗತಿಯಲ್ಲಿ ಎದ್ದು ನಿಂತು ‘ಇದು ಯಾಕೆ ಹೀಗೆ ಸಾರ್’ ಎನ್ನುವ ಹುಡುಗನೂ ಪ್ರಶ್ನೆ ಕೇಳುತ್ತಾನೆ. ದನದ ಜಾತ್ರೆಯಲ್ಲಿ ಹೋರಿಯ ಹಲ್ಲು ಎಣಿಸಿ ನೋಡಿದವರನ್ನು ‘ಎಷ್ಟಕ್ಕೆ ಕೇಳಿದ್ರಿ?’ ಎಂದು ಪಕ್ಕದವರು ವಿಚಾರಿಸುತ್ತಾರೆ. ಮಗನಿಗೆ ಹೆಣ್ಣು ಕೇಳಲು ಹೋಗುವುದುಂಟು, ದೇವರಲ್ಲಿ ಹೂವು ಕೇಳುವುದುಂಟು, ದೊಡ್ಡವರ ಮಾತು ಕೇಳದ ಮಕ್ಕಳೂ ಉಂಟು. ಇಷ್ಟೂ ಕೆಲಸಕ್ಕೆ ಕನ್ನಡ ಇಟ್ಟುಕೊಂಡಿರುವುದು ಒಂದೇ ಕ್ರಿಯಾಪದ. ಇಂಗ್ಲಿಷಿನಲ್ಲಿ ಇದೇ ಕೆಲಸವನ್ನು ಹಿಯರ್, ಲಿಸನ್, ಆಸ್ಕ್, ಒಬೇ ಎಂಬ ನಾಲ್ಕಾರು ಕ್ರಿಯಾಪದಗಳು ಹಂಚಿಕೊಂಡಿವೆ. ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ.

ಹಾಗಾದರೆ ಕನ್ನಡದವರಿಗೆ ಈ ವ್ಯತ್ಯಾಸ ಗೊತ್ತೇ ಇಲ್ಲವೇ? ಬಾನುಲಿಯನ್ನೇ ತೆಗೆದುಕೊಳ್ಳಬಹುದು. ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ ಪ್ರಸಾರ ಶುರು ಮಾಡಿದ್ದು 1935ರ ಸೆಪ್ಟೆಂಬರ್ 10ರಂದು. 1955ರಲ್ಲಿ ಬೆಂಗಳೂರು ನಿಲಯ ಬಂತು. ಮುಂದೆ ಟ್ರಾನ್ಸಿಸ್ಟರು ಹೊಲದ ಬದುವಿನ ಮೇಲೂ ಹಾಡತೊಡಗಿತು. ಅಂದಿನಿಂದ ಇಂದಿನವರೆಗೂ ಕೇಳುಗರ ಬಾಯಲ್ಲಿ ಎರಡು ಬಗೆಯ ಮಾತು ಇದ್ದೇ ಇದೆ. ‘ನಿನ್ನೆ ರಾತ್ರಿ ನಾಟಕ ಕೇಳಿದೆ’ ಎನ್ನುವುದು ಒಂದು. ‘ಗುಡುಗಿನ ಸದ್ದಿಗೆ ನಾಟಕ ನನಗೆ ಸರಿಯಾಗಿ ಕೇಳಿಸಲಿಲ್ಲ’ ಎನ್ನುವುದು ಇನ್ನೊಂದು. ಮೊದಲನೆಯದರಲ್ಲಿ ಮನುಷ್ಯ ಬೇಕೆಂದು ಕಿವಿ ಕೊಟ್ಟಿದ್ದಾನೆ. ಅದು ಇಂಗ್ಲಿಷಿನ ಲಿಸನ್. ಎರಡನೆಯದರಲ್ಲಿ ಸದ್ದು ತಾನಾಗಿ ಬಂದು ಕಿವಿಗೆ ಬೀಳಬೇಕಿತ್ತು, ಬೀಳಲಿಲ್ಲ. ಅದು ಹಿಯರ್. ಒಂದು ‘ನಾನು’, ಇನ್ನೊಂದು ‘ನನಗೆ’. ಒಂದು ‘ಕೇಳು’, ಇನ್ನೊಂದು ‘ಕೇಳಿಸು’. ಇಂಗ್ಲಿಷು ಎರಡು ಪದ ಇಟ್ಟುಕೊಂಡು ಮಾಡುವ ಕೆಲಸವನ್ನು ಕನ್ನಡ ಒಂದೇ ಧಾತುವಿಗೆ ‘ಇಸು’ ಸೇರಿಸಿ, ‘ನಾನು’ ಇದ್ದಲ್ಲಿ ‘ನನಗೆ’ ತಂದು ಮಾಡಿಬಿಡುತ್ತದೆ.

ಈ ಚಿಕ್ಕ ಸಂಗತಿಯಲ್ಲಿ ಇಂಗ್ಲಿಷ್ ಕಲಿಯುವವರಿಗೆ ದೊಡ್ಡ ಅನುಕೂಲವಿದೆ. ಅದು ಎಲ್ಲಕ್ಕಿಂತ ಹೆಚ್ಚಾಗಿ ಬೇಕಾಗಿರುವುದು ಸಮೇತನಹಳ್ಳಿಯಂಥ ಊರುಗಳಿಗೆ.

ಸಮೇತನಹಳ್ಳಿ ಬೆಂಗಳೂರು ಗ್ರಾಮಾಂತರ ಜಿಲ್ಲೆ, ಹೊಸಕೋಟೆ ತಾಲ್ಲೂಕು, ಅನುಗೊಂಡನಹಳ್ಳಿ ಹೋಬಳಿಗೆ ಸೇರಿದ ಊರು. ಒಂದು ಕಡೆ ಹೊಸಕೋಟೆ, ಇನ್ನೊಂದು ಕಡೆ ಕಾಡುಗೋಡಿ, ವೈಟ್‌ಫೀಲ್ಡ್. ಆ ವೈಟ್‌ಫೀಲ್ಡ್ ಹುಟ್ಟಿದ್ದೇ ಇಂಗ್ಲಿಷ್ ಮಾತಾಡುವವರಿಗಾಗಿ: 1882ರಲ್ಲಿ ಹತ್ತನೇ ಚಾಮರಾಜ ಒಡೆಯರು ಆಂಗ್ಲೋ ಇಂಡಿಯನ್ನರ ಸಂಘಕ್ಕೆ ಕೊಟ್ಟ ಜಮೀನಿನಲ್ಲಿ ಎದ್ದ ಬಡಾವಣೆ ಅದು, ವೈಟ್ ಎಂಬ ಅವರ ಮುಂದಾಳಿನ ಹೆಸರನ್ನೇ ಹೊತ್ತಿತು. ನೂರು ವರ್ಷ ದಾಟಿದ ಮೇಲೆ ಅಲ್ಲಿಗೆ ಸಾಫ್ಟ್‌ವೇರ್ ಪಾರ್ಕು ಬಂತು, 2023ರ ಮಾರ್ಚಿನಲ್ಲಿ ಕಾಡುಗೋಡಿಯವರೆಗೆ ಮೆಟ್ರೊ ಬಂತು. ಈ ಕಡೆ ರಾಗಿ ಹೊಲ, ತರಕಾರಿ ತೋಟ, ಸೀಮೆಹಸು. ಆ ಕಡೆ ಗಾಜಿನ ಕಟ್ಟಡ. ನಡುವೆ ದಿನಾ ಓಡಾಡುವ ಹುಡುಗ ಹುಡುಗಿಯರು ಬೆಳಗ್ಗೆ ಒಂದು ಭಾಷೆಯಲ್ಲಿ ಹೊರಟು ಹತ್ತು ಗಂಟೆಗೆ ಇನ್ನೊಂದು ಭಾಷೆಗೆ ಇಳಿಯಬೇಕು.

ಈ ಸೀಮೆಗೆ ಹಲವು ಭಾಷೆ ಹೊಸದೇನಲ್ಲ. ಹೊಸಕೋಟೆ ಸುತ್ತಿನಲ್ಲಿ ಮನೆಯೊಳಗೆ ತೆಲುಗೋ ತಮಿಳೋ ಆಡಿ ಬೀದಿಯಲ್ಲಿ ಕನ್ನಡ ಆಡುವವರು ಬೇಕಾದಷ್ಟು. ಪಕ್ಕದ ಮಾಲೂರು ತಾಲ್ಲೂಕಿನ ಮಾಸ್ತಿ ವೆಂಕಟೇಶ ಅಯ್ಯಂಗಾರರ ಮನೆಮಾತು ತಮಿಳು, ಎಂ.ಎ. ಮಾಡಿದ್ದು ಇಂಗ್ಲಿಷಿನಲ್ಲಿ, ಬರೆದದ್ದು ಕನ್ನಡ. ‘ಕೇಳು’ ವಿಷಯದಲ್ಲಿ ಈ ಭಾಷೆಗಳೂ ಒಂದೇ ದಾರಿಯವಲ್ಲ. ತಮಿಳು ಕನ್ನಡದ ಹಾಗೆಯೇ ಕಿವಿಗೂ ಪ್ರಶ್ನೆಗೂ ಒಂದೇ ‘ಕೇಳ್’ ಇಟ್ಟುಕೊಂಡಿದೆ. ತೆಲುಗು ಮಾತ್ರ ಕಿವಿಗೆ ‘ವಿನು’, ಪ್ರಶ್ನೆಗೆ ‘ಅಡುಗು’ ಎಂದು ಎರಡು ಮಾಡಿಕೊಂಡಿದೆ. ತೆಲುಗು ಮನೆಯ ಹುಡುಗಿಗೆ ಆಸ್ಕ್ ಬೇರೆ, ಲಿಸನ್ ಬೇರೆ ಎಂದು ವಿವರಿಸಬೇಕಾಗಿಯೇ ಇಲ್ಲ.

ಕರ್ನಾಟಕದ ಸರ್ಕಾರಿ ಕನ್ನಡ ಶಾಲೆಗಳಲ್ಲಿ ಮೊದಲು 5ನೇ ತರಗತಿಗೆ ಬರುತ್ತಿದ್ದ ಇಂಗ್ಲಿಷು 2007-08ರಿಂದ 1ನೇ ತರಗತಿಗೇ ಬಂತು. ಮೇಷ್ಟ್ರುಗಳಿಗೆ ಇಂಗ್ಲಿಷ್ ಬೋಧನೆಯ ತರಬೇತಿ ಕೊಡಲು ಬೆಂಗಳೂರಿನಲ್ಲಿ 1963ರಿಂದಲೇ ದಕ್ಷಿಣ ಭಾರತದ ಒಂದು ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಇದೆ. ಆದರೂ ಮಕ್ಕಳ ನೋಟ್‌ಬುಕ್ಕಿನಲ್ಲಿ ಇಂದಿಗೂ ಉಳಿದಿರುವುದು ಅದೇ ಹಳೆಯ ಎರಡು ಗೀಟಿನ ಪಟ್ಟಿ. ಎಡಗಡೆ ಹಿಯರ್, ಬಲಗಡೆ ಕೇಳು. ಎಡಗಡೆ ಲಿಸನ್, ಬಲಗಡೆ ಕೇಳು. ಎಡಗಡೆ ಆಸ್ಕ್, ಬಲಗಡೆ ಮತ್ತೆ ಕೇಳು. ಸೀ ಎಂದರೆ ನೋಡು, ಲುಕ್ ಎಂದರೆ ನೋಡು, ವಾಚ್ ಎಂದರೂ ನೋಡು. ಪಟ್ಟಿ ಬಾಯಿಪಾಠವಾಗುತ್ತದೆ. ಮೂರು ಪದ ಒಂದೇ ಎಂಬ ತಪ್ಪು ತಿಳಿವಳಿಕೆಯೂ ಅದರ ಜೊತೆಗೇ ಗಟ್ಟಿಯಾಗುತ್ತದೆ. ಇದು ಮಕ್ಕಳ ದಡ್ಡತನ ಖಂಡಿತ ಅಲ್ಲ. ಕನ್ನಡವನ್ನು ಅರ್ಧ ಮಾತ್ರ ಉಪಯೋಗಿಸಿಕೊಂಡ ಪಟ್ಟಿಯ ದೋಷ ಅದು.

ಒಂದು ಸಂಜೆಯ ಮಾತು ನೋಡಬಹುದು. ಮೇಯಲು ಬಿಟ್ಟ ಹಸು ಹೊತ್ತು ಮುಳುಗಿದರೂ ಮನೆಗೆ ಬಂದಿಲ್ಲ. ಹುಡುಕಲು ಹೋದಾಕೆ ಬರಿಗೈಲಿ ಬಂದು ಜಗಲಿಯ ಮೇಲೆ ಕೂತು ಹೇಳುತ್ತಾಳೆ: ‘ಕೆರೆ ಏರಿ ಮೇಲೆಲ್ಲ ನೋಡ್ದೆ, ಎಲ್ಲೂ ಕಾಣಲಿಲ್ಲ. ಎಷ್ಟು ಕೂಗಿದ್ರೂ ಅದಕ್ಕೆ ಕೇಳಿಸಲಿಲ್ಲ.’ ಇಂಗ್ಲಿಷಿನ ಒಂದಕ್ಷರ ಬರದ ಹೆಂಗಸು ಒಂದೇ ಉಸಿರಿನಲ್ಲಿ ಲುಕ್ ಮತ್ತು ಸೀ ನಡುವಿನ ಗೆರೆ ಎಳೆದಿದ್ದಾಳೆ, ಜೊತೆಗೆ ಹಿಯರ್ ಅನ್ನೂ ಅದರ ಜಾಗದಲ್ಲಿ ಕೂರಿಸಿದ್ದಾಳೆ. ನೋಡುವುದು ಕಣ್ಣು ಹಾಯಿಸುವ ಕೆಲಸ, ಅದನ್ನು ಮನುಷ್ಯ ಮಾಡುತ್ತಾನೆ. ಕಾಣುವುದು ಕಣ್ಣಿಗೆ ಬಿದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ‘ನೋಡಿದೆ, ಕಾಣಲಿಲ್ಲ’ ಎಂಬ ಎರಡು ಪದದ ವಾಕ್ಯವನ್ನು ಕರಿಹಲಗೆಯ ಮೇಲೆ ಬರೆದು, ನೋಡಿದೆ ಎನ್ನುವುದರ ಕೆಳಗೆ ಲುಕ್ಡ್, ಕಾಣಲಿಲ್ಲ ಎನ್ನುವುದರ ಕೆಳಗೆ ಡಿಡ್ ನಾಟ್ ಸೀ ಎಂದು ಬರೆದರೆ ಆ ಪಾಠ ಅಲ್ಲಿಗೆ ಮುಗಿಯಿತು. ಇನ್ನು ವಾಚ್. ಚಲಿಸುವುದನ್ನು, ಬದಲಾಗುತ್ತ ಹೋಗುವುದನ್ನು ಬಿಡದೆ ನೋಡುತ್ತ ಇರುವುದು. ಕ್ರಿಕೆಟ್ಟು, ಟೀವಿ, ಒಲೆಯ ಮೇಲಿಟ್ಟ ಹಾಲು. ‘ಹಾಲು ನೋಡ್ತಿರು, ಉಕ್ಕೀತು’ ಎಂದು ಅಮ್ಮ ಮಗಳಿಗೆ ಹೇಳುವ ಆ ‘ನೋಡ್ತಿರು’ ಎಂಬುದೇ ವಾಚ್.

ವಾಚ್‌ಗೆ ಕನ್ನಡದಲ್ಲಿ ಇನ್ನೊಂದು ಒಳ್ಳೆಯ ನೆಂಟ ಇದೆ, ‘ಕಾಯು’. ಹೊಲ ಕಾಯುವುದು, ದನ ಕಾಯುವುದು, ಬಸ್ಸಿಗೆ ಕಾಯುವುದು. ಇಂಗ್ಲಿಷಿನಲ್ಲಿ ಮೊದಲೆರಡಕ್ಕೆ ವಾಚ್ ಅಥವಾ ಗಾರ್ಡ್, ಮೂರನೆಯದಕ್ಕೆ ವೇಟ್. ಆ ವೇಟ್ ಎಂಬ ಪದ ಹಳೆಯ ಫ್ರೆಂಚಿನಿಂದ ಇಂಗ್ಲಿಷಿಗೆ ಬಂದಾಗ ಅದರ ಅರ್ಥವೂ ಕಾವಲು ನೋಡುವುದೇ ಆಗಿತ್ತು. ದಾರಿ ನೋಡುತ್ತ ಕೂತವನೇ ಕಾಯುವವನು ಎಂದು ಎರಡು ಭಾಷೆಗೂ ಹೊಳೆದಿದೆ.

ಹೇಳುವ ಕ್ರಿಯಾಪದಗಳಿಗೆ ಬಂದರೆ ಕನ್ನಡದ ಉಪಕಾರ ಇನ್ನೂ ಹೆಚ್ಚು. ಸೇ, ಟೆಲ್ ಎರಡಕ್ಕೂ ಪಟ್ಟಿಯಲ್ಲಿ ‘ಹೇಳು’ ಎಂದೇ ಬರೆದಿರುತ್ತದೆ. ಹಾಗಾಗಿ ‘ಹಿ ಸೆಡ್ ಮಿ’ ಎನ್ನುವ ಮಕ್ಕಳೂ ‘ಹಿ ಟೋಲ್ಡ್ ಟು ಮಿ’ ಎನ್ನುವ ದೊಡ್ಡವರೂ ಎಲ್ಲ ಕಡೆ ಸಿಗುತ್ತಾರೆ. ಎರಡನೆಯ ತಪ್ಪು ಎಲ್ಲಿಂದ ಬಂತೆಂದು ಹುಡುಕುವುದು ಕಷ್ಟವಲ್ಲ: ‘ನನಗೆ ಹೇಳಿದ’ ಎನ್ನುವಲ್ಲಿನ ‘ಗೆ’ ಇಂಗ್ಲಿಷಿಗೆ ದಾಟಿ ‘ಟು’ ಆಗಿದೆ. ‘ಅವನನ್ನು ಕೇಳಿದೆ’ ಎನ್ನುವಾಗ ‘ಗೆ’ ಇಲ್ಲ, ‘ಅನ್ನು’ ಇದೆ, ಇಂಗ್ಲಿಷಿನ ‘ಆಸ್ಕ್ಡ್ ಹಿಮ್’ ಎಂಬಲ್ಲೂ ಟು ಇಲ್ಲ. ಕೇಳು ಎಂಬಲ್ಲಿ ಕನ್ನಡವನ್ನು ನಂಬಬಹುದು, ಹೇಳು ಎಂಬಲ್ಲಿ ‘ಗೆ’ಯನ್ನು ಮನೆಯಲ್ಲೇ ಬಿಟ್ಟು ಹೊರಡಬೇಕು. ‘ಡಿಸ್ಕಸ್ ಅಬೌಟ್’ ಎಂಬುದರ ಕಥೆಯೂ ಇದೇ. ಅಲ್ಲಿ ದಾಟಿರುವುದು ಕನ್ನಡದ ‘ಬಗ್ಗೆ’.

ಮರೆತೇಹೋದ ಸಂಗತಿಯೊಂದಿದೆ. ಕನ್ನಡದಲ್ಲಿ ಹೇಳು ಒಂಟಿಯಲ್ಲ, ಪಕ್ಕದಲ್ಲೇ ‘ಅನ್ನು’ ಇದೆ. ‘ನಾಳೆ ಬರ್ತೀನಿ ಅಂದ.’ ಇಲ್ಲಿ ಅವನ ಬಾಯಿಂದ ಬಂದ ಮಾತೇ ಮುಖ್ಯ, ಯಾರ ಮುಂದೆ ಅಂದ ಎಂಬುದು ಬೇಕಿಲ್ಲ. ಇದು ಸೇ. ‘ಬರೋ ವಿಷಯ ನಮ್ಮಣ್ಣನಿಗೆ ಹೇಳ್ದ.’ ಇಲ್ಲಿ ವಿಷಯ ಒಬ್ಬರಿಗೆ ಮುಟ್ಟಿದೆ. ಇದು ಟೆಲ್. ‘ಏನಂದ?’ ಎಂದು ಕೇಳಿದವರಿಗೆ ಅವನ ಮಾತೇ ಬೇಕು, ‘ಏನು ಹೇಳ್ದ?’ ಎಂದವರಿಗೆ ಸಮಾಚಾರ ಬೇಕು. ಈ ಜೋಡಿ ಎಷ್ಟು ಚೆನ್ನಾಗಿ ಹೊಂದುತ್ತದೆ ಎಂದರೆ, ಟೆಲ್‌ಗೆ ಇಂಗ್ಲಿಷ್ ವ್ಯಾಕರಣ ಕೊಡುವ ವಿನಾಯಿತಿಗಳೂ ಕನ್ನಡಕ್ಕೆ ಸಲೀಸು. ಎದುರಿಗೆ ಯಾರೆಂದು ಹೇಳದಿದ್ದರೂ ಕಥೆಗೆ, ಸುಳ್ಳಿಗೆ, ನಿಜಕ್ಕೆ ಟೆಲ್ ಎಂಬುದೇ ಸರಿ, ಸೇ ಒಗ್ಗದು. ಕನ್ನಡದಲ್ಲೂ ಕಥೆ ಹೇಳುತ್ತಾರೆ, ಸುಳ್ಳು ಹೇಳುತ್ತಾರೆ, ನಿಜ ಹೇಳುತ್ತಾರೆ. ಕಥೆ ಅನ್ನುವವರು, ಸುಳ್ಳು ಅನ್ನುವವರು ಎಲ್ಲಿಯೂ ಇಲ್ಲ. ಜೋಡಿ ತಪ್ಪುವುದು ಹಾಡಿನ ಹತ್ತಿರ. ಹಳ್ಳಿಯಲ್ಲಿ ‘ಒಂದು ಪದ ಹೇಳಮ್ಮ’ ಎಂದರೆ ಹಾಡಮ್ಮ ಎಂದು ಅರ್ಥ, ಇಂಗ್ಲಿಷಿನವರು ಹಾಡನ್ನು ಟೆಲ್ ಮಾಡುವುದಿಲ್ಲ.

ಸ್ಪೀಕ್ ಮತ್ತು ಟಾಕ್ ನಡುವಿನ ಅಂತರ ತೆಳು. ಭಾಷೆಯ ಹೆಸರು ಬಂದರೆ ಸ್ಪೀಕ್, ಹರಟೆಗೆ ಟಾಕ್, ಸಭೆಯ ಬಿಗಿಗೆ ಸ್ಪೀಕ್. ಬಾನುಲಿ ಭಾಷಣವನ್ನು ಇಂಗ್ಲಿಷಿನಲ್ಲಿ ಸ್ಪೀಚ್ ಅನ್ನದೆ ‘ರೇಡಿಯೊ ಟಾಕ್’ ಎಂದದ್ದು ತುಂಬ ಸರಿಯಾಗಿದೆ. ಮೈಕಿನ ಮುಂದೆ ಕೂತವರು ಮೈದಾನಕ್ಕೆ ಮಾತಾಡುವುದಿಲ್ಲ, ಅಡುಗೆಮನೆಯಲ್ಲಿ ಸೊಪ್ಪು ಬಿಡಿಸುತ್ತ ಕೂತ ಒಬ್ಬರಿಗೆ ಮಾತಾಡುತ್ತಾರೆ.

ಇನ್ನು ‘ಹಾಕು’. ಒಂದು ದಿನದ ಮಟ್ಟಿಗೆ ಈ ಒಂದೇ ಕ್ರಿಯಾಪದದ ಬೆನ್ನು ಹತ್ತಿ ಸಮೇತನಹಳ್ಳಿಯ ಕಡೆಯ ಒಂದು ಮನೆಯಲ್ಲಿ ಓಡಾಡಿದರೆ ಸಾಕು. ಬೆಳಕು ಹರಿಯುವ ಮುಂಚೆ ಬಾಗಿಲಿಗೆ ನೀರು ಹಾಕಿ ರಂಗೋಲಿ ಹಾಕುತ್ತಾರೆ. ಹಸುವಿಗೆ ಹುಲ್ಲು ಹಾಕುತ್ತಾರೆ, ಬೂಸಾ ಹಾಕುತ್ತಾರೆ, ಹಾಲು ಕರೆದು ಡೈರಿಗೆ ಹಾಕಿ ಬರುತ್ತಾರೆ. ಹೋದ ವಾರ ಕರು ಹಾಕಿದ್ದೂ ಆ ಹಸುವೇ. ಮಗನ ತಟ್ಟೆಗೆ ಮುದ್ದೆ ಹಾಕುತ್ತಾರೆ. ಅವನು ಶರ್ಟು ಹಾಕಿಕೊಂಡು, ಶೂ ಹಾಕಿಕೊಂಡು, ಗಾಡಿಗೆ ಪೆಟ್ರೋಲು ಹಾಕಿಸಿ ಹೊರಡುತ್ತಾನೆ, ದಾರಿಯಲ್ಲಿ ಹಂಪು ಕಂಡು ಬ್ರೇಕು ಹಾಕುತ್ತಾನೆ. ಅಪ್ಪ ಪಂಚಾಯಿತಿಗೆ ಹೋಗಿ ಖಾತೆಗೆ ಅರ್ಜಿ ಹಾಕಿ, ಅದಕ್ಕೆ ಸಹಿ ಹಾಕಿ, ದಾಯಾದಿ ಕೇಸು ಹಾಕಿದ್ದಾನಂತೆ ಎಂಬ ಸುದ್ದಿ ಹೊತ್ತು ಬರುತ್ತಾನೆ. ಸೆಕೆಗೆ ಫ್ಯಾನು ಹಾಕುತ್ತಾರೆ. ಸಂಜೆ ದೀಪ ಮಾತ್ರ ಹಾಕುವುದಿಲ್ಲ, ಹಚ್ಚುತ್ತಾರೆ. ಲೈಟಾದರೆ ಹಾಕುತ್ತಾರೆ. ರಾತ್ರಿ ಕದ ಹಾಕಿ, ಚಿಲಕ ಹಾಕಿ ಮಲಗುತ್ತಾರೆ.

ಇಷ್ಟಕ್ಕೂ ಇಂಗ್ಲಿಷಿನಲ್ಲಿ ‘ಪುಟ್’ ಎಂಬ ಒಂದೇ ಪದ ನಡೆದೀತೆಂದು ಹೊರಟವರೇ ‘ಪುಟ್ ದಿ ಫ್ಯಾನ್’, ‘ಪುಟ್ ದಿ ಲಾಕ್’ ಎಂಬ ಬೆಂಗಳೂರು ಇಂಗ್ಲಿಷನ್ನು ಕಟ್ಟಿದವರು. ಬೆಂಗಳೂರಿನೊಳಗೆ ಅದು ಎಲ್ಲರಿಗೂ ತಿಳಿಯುತ್ತದೆ, ಅಲ್ಲಿ ಅದಕ್ಕೆ ನಾಚಬೇಕಾಗಿಲ್ಲ. ಹೊರಗಿನವರ ಜೊತೆ ವ್ಯವಹಾರ ಬಂದಾಗ ಮಾತ್ರ ಪಟ್ಟಿ ಬಿಚ್ಚಬೇಕು: ಫ್ಯಾನಿಗೆ ಸ್ವಿಚ್ ಆನ್ ಅಥವಾ ಟರ್ನ್ ಆನ್, ಚಿಲಕಕ್ಕೆ ಬೋಲ್ಟ್, ಬೀಗಕ್ಕೆ ಲಾಕ್, ತಟ್ಟೆಗೆ ಸರ್ವ್, ಹಸುವಿಗೆ ಫೀಡ್, ಡೈರಿಗೆ ಸಪ್ಲೈ, ಅರ್ಜಿಗೆ ಸಬ್‌ಮಿಟ್, ಕೇಸಿಗೆ ಫೈಲ್, ಬ್ರೇಕಿಗೆ ಅಪ್ಲೈ, ಸಹಿಗೆ ಬರಿಯ ಸೈನ್. ಅಲ್ಲೆಲ್ಲ ಹಾಕು ಎಂಬುದು ಕೈ ಆಡುವುದನ್ನು ಹೇಳುತ್ತದೆ, ಇಂಗ್ಲಿಷಿನ ಪದ ಆ ಕೈಯ ಕೆಲಸ ಯಾತಕ್ಕೆ ಎಂಬುದನ್ನು ಹೇಳುತ್ತದೆ. ಇದನ್ನು ಒಮ್ಮೆ ಮನಸ್ಸಿಗೆ ತಂದುಕೊಂಡ ಹುಡುಗ ಪಟ್ಟಿಯಲ್ಲಿಲ್ಲದ ಹನ್ನೊಂದನೆಯ ‘ಹಾಕು’ ಬಂದಾಗಲೂ ‘ಪುಟ್’ ಎನ್ನುವ ಮುಂಚೆ ಒಂದು ಕ್ಷಣ ನಿಂತು ಯೋಚಿಸುತ್ತಾನೆ.

ಇಂಗ್ಲಿಷ್ ಪರೀಕ್ಷೆಗಳಲ್ಲಿ ಹುಡುಗರನ್ನು ಬಹಳ ಕಾಡುವ ಜೋಡಿ ಲೈ ಮತ್ತು ಲೇ. ಲೈ ಎಂದರೆ ಮಲಗು, ಅದರ ಭೂತಕಾಲ ಲೇ. ಲೇ ಎಂದರೆ ಮಲಗಿಸು, ಇಡು, ಅದರ ಭೂತಕಾಲ ಲೇಡ್. ಒಂದರ ಭೂತಕಾಲವೇ ಇನ್ನೊಂದರ ವರ್ತಮಾನ. ಇಂಗ್ಲಿಷು ಹುಟ್ಟುಮಾತಾದವರೂ ಇಲ್ಲಿ ಎಡವುತ್ತಾರೆ. ರೈಸ್ ಮತ್ತು ರೇಝ್, ಸಿಟ್ ಮತ್ತು ಸೆಟ್, ಫಾಲ್ ಮತ್ತು ಫೆಲ್ ಇದೇ ಮನೆತನದವು. ಕನ್ನಡದವರು ಇವುಗಳನ್ನು ಬಾಯಿಪಾಠ ಮಾಡಬೇಕಾಗಿಲ್ಲ. ಮಲಗು, ಮಲಗಿಸು. ಏಳು, ಎಬ್ಬಿಸು. ಕೂರು, ಕೂರಿಸು. ಬೀಳು, ಬೀಳಿಸು. ತಾನು ಮಾಡುವುದು ಒಂದು, ಇನ್ನೊಂದರ ಕೈಲಿ ಮಾಡಿಸುವುದು ಇನ್ನೊಂದು. ಸಾವಿರಾರು ವರ್ಷದ ಹಿಂದೆ ಇಂಗ್ಲಿಷಿನ ತಾಯಿಭಾಷೆಯಲ್ಲೂ ಧಾತುವಿನ ಕೊನೆಗೆ ಒಂದು ಪ್ರತ್ಯಯ ಸೇರಿಸಿ ಪ್ರೇರಣಾರ್ಥಕ ಮಾಡುತ್ತಿದ್ದರು. ಆ ಪ್ರತ್ಯಯ ಸವೆದುಹೋಗಿ, ಅದರಿಂದಾಗಿ ಬದಲಾದ ಸ್ವರ ಮಾತ್ರ ಇಂಥ ಕೆಲವು ಜೋಡಿಗಳಲ್ಲಿ ಉಳಿದಿದ್ದೇ ಫಾಲ್–ಫೆಲ್. ಕನ್ನಡದಲ್ಲಿ ‘ಇಸು’ ಇವತ್ತಿಗೂ ಜೀವಂತ. ಅಲ್ಲಿ ಪಳೆಯುಳಿಕೆಯಾದದ್ದು ಇಲ್ಲಿ ಮೂರು ವರ್ಷದ ಮಗುವಿನ ನಾಲಿಗೆಯ ಮೇಲಿದೆ.

ಲರ್ನ್ ಮತ್ತು ಟೀಚ್ ಬೆರಸಿಬಿಡುವುದಕ್ಕೂ ಕಾರಣ ಇದೇ. ಕಲಿ, ಕಲಿಸು ಎಂದು ಒಂದೇ ಧಾತು ಆಡಿದವರಿಗೆ ಸಂಬಂಧವೇ ಇಲ್ಲದ ಎರಡು ಪದ ನೆನಪಿಡುವುದು ಕಷ್ಟ. ರಿಮೆಂಬರ್ ಮತ್ತು ರಿಮೈಂಡ್ ಹಾಗೆಯೇ: ನೆನಪಿಟ್ಟುಕೊಳ್ಳುವುದು, ನೆನಪಿಸುವುದು. ‘ನಾಳೆ ನನಗೆ ರಿಮೆಂಬರ್ ಮಾಡಿ’ ಎಂದು ಕಚೇರಿಯಲ್ಲಿ ಯಾರಾದರೂ ಅಂದರೆ ಅವರಿಗೆ ‘ಇಸು’ವನ್ನು ನೆನಪಿಸಿದರೆ ಸಾಕು.

ಸಾಲದ ವಿಷಯದಲ್ಲಿ ಇಂಗ್ಲಿಷು ಕೊಳ್ಳುವವನಿಗೆ ಬಾರೋ, ಕೊಡುವವನಿಗೆ ಲೆಂಡ್ ಎಂದು ದಿಕ್ಕನ್ನು ಕ್ರಿಯಾಪದದೊಳಗೇ ಹುದುಗಿಸಿದೆ. ಕನ್ನಡ ದಿಕ್ಕಿಗೆ ‘ಕೊಡು’, ‘ತಗೋ’ ಇಟ್ಟುಕೊಂಡು, ಇಂಗ್ಲಿಷ್ ಕ್ರಿಯಾಪದ ತಲೆಕೆಡಿಸಿಕೊಳ್ಳದ ಒಂದು ವಿವೇಕವನ್ನು ನಾಮಪದದಲ್ಲಿ ಉಳಿಸಿದೆ. ಪಕ್ಕದ ಮನೆಯಿಂದ ಕಡ ತಂದ ಒಂದು ಸೇರು ಅಕ್ಕಿಗೆ ಬದಲು ಬೇರೆ ಅಕ್ಕಿ ಅಳೆದು ಕೊಟ್ಟರಾಯಿತು. ಎರವಲು ತಂದ ಹಂಡೆಯಾದರೆ ಅದೇ ಹಂಡೆಯನ್ನು ಬೆಳಗಿ ವಾಪಸು ಕೊಡಬೇಕು. ದುಡ್ಡಿನ ಚಿಲ್ಲರೆ ವ್ಯವಹಾರ ಕೈಗಡ, ಬಡ್ಡಿಯ ವ್ಯವಹಾರ ಸಾಲ.

ಬಟ್ಟೆಬರೆಯಲ್ಲಂತೂ ಕನ್ನಡ ಇಂಗ್ಲಿಷಿಗಿಂತ ಎಷ್ಟೋ ಸೂಕ್ಷ್ಮ. ಸೀರೆ ಉಡುತ್ತಾರೆ, ಪಂಚೆ ಉಡುತ್ತಾರೆ. ಕುಪ್ಪಸ ತೊಡುತ್ತಾರೆ, ಬಳೆ ತೊಡುತ್ತಾರೆ. ಹೂವು ಮುಡಿಯುತ್ತಾರೆ, ಕುಂಕುಮ ಇಡುತ್ತಾರೆ, ಕಂಬಳಿ ಹೊದೆಯುತ್ತಾರೆ, ಪೇಟ ಸುತ್ತುತ್ತಾರೆ, ಚಪ್ಪಲಿ ಮೆಟ್ಟುತ್ತಾರೆ. ಇಂಗ್ಲಿಷಿನ ವೇರ್ ಇವೆಲ್ಲವನ್ನೂ ಒಂದೇ ಗೂಟಕ್ಕೆ ನೇತುಹಾಕುತ್ತದೆ. ಜಪಾನಿ ಭಾಷೆ ಇಲ್ಲಿ ಕನ್ನಡದ ಕಡೆ: ಮೈಮೇಲಿನದಕ್ಕೆ ಒಂದು ಕ್ರಿಯಾಪದ, ಸೊಂಟದ ಕೆಳಗಿನದಕ್ಕೂ ಕಾಲಿಗೂ ಒಂದು, ತಲೆಯದಕ್ಕೆ ಇನ್ನೊಂದು. ಇಂಗ್ಲಿಷ್ ಕಲಿಯುವವರಿಗೆಂದೇ ಮಾಡಿದ ಬಹು ಪ್ರಸಿದ್ಧ ನಿಘಂಟು ಮೊದಲು ಅಚ್ಚಾದದ್ದು ಆ ಜಪಾನಿನಲ್ಲಿ ಎಂಬುದು ಮನಸ್ಸಿಗೆ ಹಿಡಿಸುವ ಸಂಗತಿ. ಅಲ್ಲಿ ಮೇಷ್ಟ್ರಾಗಿದ್ದ ಎ.ಎಸ್. ಹಾರ್ನ್‌ಬಿ ಇಬ್ಬರು ಜೊತೆಗಾರರೊಂದಿಗೆ ಸಿದ್ಧಪಡಿಸಿದ ಕೋಶ 1942ರಲ್ಲಿ ಟೋಕಿಯೊದಲ್ಲಿ ಪ್ರಕಟವಾಯಿತು, 1948ರಲ್ಲಿ ಆಕ್ಸ್‌ಫರ್ಡಿನವರು ಅದನ್ನು ಕೈಗೆತ್ತಿಕೊಂಡರು. ಪದದ ಅರ್ಥ ಕೊಟ್ಟರೆ ಸಾಲದು, ಕ್ರಿಯಾಪದ ತನ್ನ ಹಿಂದೆ ಯಾರನ್ನು ಕರೆದುಕೊಂಡು ಬರುತ್ತದೆ ಎಂಬುದನ್ನೂ ಕೊಡಬೇಕೆಂದು ಹಾರ್ನ್‌ಬಿ ಹಟ ಹಿಡಿದು 25 ಮಾದರಿ ಗುರುತಿಸಿದರು. ಟೆಲ್‌ನ ಹಿಂದೆ ವ್ಯಕ್ತಿ, ಲಿಸನ್‌ನ ಹಿಂದೆ ಟು ಎಂಬ ಬಗೆಯ ತಿಳಿವಳಿಕೆ ಹಳ್ಳಿ ಶಾಲೆಯ ಕೋಶಕ್ಕೂ ಬರಬೇಕು.

ಕನ್ನಡದಲ್ಲೂ ಕೋಶದ ಕೆಲಸ ಹೊಸದಲ್ಲ. 13ನೇ ಶತಮಾನದಲ್ಲಿ ಕೇಶಿರಾಜ ಶಬ್ದಮಣಿದರ್ಪಣದಲ್ಲಿ ಧಾತುಗಳಿಗೇ ಒಂದು ಪ್ರಕರಣ ಮೀಸಲಿಟ್ಟ. ವಿಲಿಯಂ ರೀವ್ 1824ರಲ್ಲಿ ಇಂಗ್ಲಿಷ್–ಕನ್ನಡ ಕೋಶ ತಂದರು, 1894ರಲ್ಲಿ ಫರ್ಡಿನಂಡ್ ಕಿಟ್ಟೆಲ್ಲರ ಕನ್ನಡ–ಇಂಗ್ಲಿಷ್ ಕೋಶ ಮಂಗಳೂರಿನಲ್ಲಿ ಹೊರಬಂತು. ಕೋಶದಲ್ಲಿ ಕುತೂಹಲ ಹುಟ್ಟಿಸುವ ಒಂದು ಪದ ‘ಕರೆ’. ಅದಕ್ಕೆ ಇಂದು ಕೂಗು ಎಂದೂ ಹಾಲು ಹಿಂಡು ಎಂದೂ ಅರ್ಥ. ಹಳಗನ್ನಡದಲ್ಲಿ ಕೂಗುವುದಕ್ಕೆ ಸಾಮಾನ್ಯ ರಕಾರ, ಹಾಲಿಗೆ ಶಕಟರೇಫ ಎಂಬ ಇನ್ನೊಂದು ರಕಾರ ಎಂದು ಎರಡೂ ಬೇರೆಯೇ ಇದ್ದವು. ಆ ಅಕ್ಷರ ಹೋದ ಮೇಲೆ ಎರಡು ಪದ ಒಂದಾದವು. ಹಸುವನ್ನು ಕರೆದು, ಹಾಲು ಕರೆಯುವವರಿಗೆ ಇದರಿಂದ ಯಾವ ತೊಂದರೆಯೂ ಆಗಿಲ್ಲ.

ಮತ್ತೆ ವೇರ್‌ಗೆ ಬಂದರೆ, ಅದರ ಪಕ್ಕದಲ್ಲಿ ‘ಪುಟ್ ಆನ್’ ಇದೆ. ಉಡುವ ಕೆಲಸ ನಡೆಯುತ್ತಿದ್ದರೆ ಪುಟ್ ಆನ್, ಉಟ್ಟಾದ ಮೇಲೆ ಮೈಮೇಲಿದ್ದರೆ ವೇರ್. ಎರಡಕ್ಕೂ ಇಂಗ್ಲಿಷಿನಲ್ಲಿ ಕೊನೆಗೆ ‘ಇಂಗ್’ ಬರುತ್ತದೆ, ಮಕ್ಕಳ ಗೊಂದಲ ಅಲ್ಲೇ. ‘ಉಡುತ್ತಿದ್ದಾಳೆ’ ಮೊದಲನೆಯದು, ‘ಉಟ್ಟಿದ್ದಾಳೆ’ ಎರಡನೆಯದು ಎಂದರೆ ಗೊಂದಲ ಕಳೆಯಿತು. ‘ಐ ಆಮ್ ನೋಯಿಂಗ್’ ಎನ್ನುವವರಿಗೂ ಕನ್ನಡವೇ ಔಷಧಿ. ‘ನನಗೆ ಗೊತ್ತು’ ಎಂಬುದಕ್ಕೆ ‘ತ್ತಿದೆ’ ಸೇರಿಸಲು ಯಾರಿಗೂ ಆಗುವುದಿಲ್ಲ. ಗೊತ್ತಿರುವುದು ಇರುತ್ತದೆ, ನಡೆಯುವುದಿಲ್ಲ. ನೋ ಎಂಬುದೂ ಹಾಗೆಯೇ ಇರುವ ಪದ.

ತಿಂದುಬಿಡು, ಬರೆದಿಡು, ತಿಂದು ನೋಡು. ಈ ಬಗೆಯ ಜೋಡಿ ಕ್ರಿಯಾಪದಗಳ ಕಡೆಗೆ ಇಂಗ್ಲಿಷ್ ಪಾಠದಲ್ಲಿ ಯಾರೂ ಕಣ್ಣೆತ್ತಿ ನೋಡುವುದಿಲ್ಲ. ಈಟ್ ಮತ್ತು ಈಟ್ ಅಪ್, ರೈಟ್ ಮತ್ತು ರೈಟ್ ಡೌನ್ ನಡುವೆ ಇರುವುದು ತಿನ್ನು ಮತ್ತು ತಿಂದುಬಿಡು, ಬರೆ ಮತ್ತು ಬರೆದಿಡು ನಡುವಿನ ಅಂತರವೇ. ‘ತಿಂದು ನೋಡು, ರುಚಿ ಗೊತ್ತಾಗುತ್ತೆ’ ಎಂಬುದು ಟ್ರೈ ಈಟಿಂಗ್. ಜ್ವರದವನಿಗೆ ‘ತಿನ್ನೋಕೆ ಪ್ರಯತ್ನ ಮಾಡು’ ಎಂಬುದು ಟ್ರೈ ಟು ಈಟ್. ಬೀಡಿ ಸೇದುವುದನ್ನು ನಿಲ್ಲಿಸಿದವನಿಗೂ ಬೀಡಿ ಸೇದಲು ನಿಂತವನಿಗೂ ಇರುವ ವ್ಯತ್ಯಾಸವನ್ನು ಇಂಗ್ಲಿಷು ಸ್ಟಾಪ್ಡ್ ಸ್ಮೋಕಿಂಗ್, ಸ್ಟಾಪ್ಡ್ ಟು ಸ್ಮೋಕ್ ಎಂದು ತೋರಿಸುತ್ತದೆ.

ಇಂಗ್ಲಿಷ್ ಕ್ರಿಯಾಪದಗಳು ಕನ್ನಡಕ್ಕೆ ಬಂದ ಮೇಲೆ ಆಗಿರುವ ಬದಲಾವಣೆಯೂ ಗಮನಿಸಬೇಕಾದ್ದು. ಅವು ಒಂಟಿಯಾಗಿ ಬರುವುದಿಲ್ಲ, ‘ಮಾಡು’ ಅಥವಾ ‘ಆಗು’ ಕೈ ಹಿಡಿದೇ ಬರುತ್ತವೆ. ‘ಬಸ್ಸು ಮಿಸ್ ಆಯ್ತು’ ಎಂದರೆ ತಪ್ಪು ಯಾರದೂ ಅಲ್ಲ. ‘ಬಸ್ಸು ಮಿಸ್ ಮಾಡ್ಕೊಂಡೆ’ ಎಂದರೆ ತಪ್ಪು ತನ್ನದು. ಮಾತಾಡುತ್ತಿರುವಾಗಲೇ ‘ಫೋನು ಕಟ್ ಆಯ್ತು’ ಎಂದರೆ ಸಿಗ್ನಲ್ಲಿನ ತೊಂದರೆ, ‘ಫೋನು ಕಟ್ ಮಾಡ್ದ’ ಎಂದರೆ ಮನಸ್ತಾಪ. ಇಂಗ್ಲಿಷಿನ ಮಿಸ್‌ನಲ್ಲಿ ಇಲ್ಲದ ಒಂದು ನ್ಯಾಯವನ್ನು ಹೊಸಕೋಟೆ ಬಸ್‌ಸ್ಟ್ಯಾಂಡಿನ ಕನ್ನಡ ಅದಕ್ಕೆ ಸೇರಿಸಿದೆ. ಮದುವೆಯಲ್ಲೂ ಇದೇ ‘ಆಗು’, ‘ಮಾಡು’ ಕಾಪಾಡುತ್ತವೆ. ಮದುವೆ ಆದವನು ವರ, ಮದುವೆ ಮಾಡಿದವನು ತಂದೆ, ಮಾಡಿಸಿದವರು ಪುರೋಹಿತರು. ಇಂಗ್ಲಿಷಿನ ಮ್ಯಾರಿ ಮೂವರಿಗೂ ಒಂದೇ. ಆದ್ದರಿಂದ ಮಗಳ ಮದುವೆ ಮಾಡಿದ ತಂದೆ ಇಂಗ್ಲಿಷಿನಲ್ಲಿ ‘ಐ ಮ್ಯಾರೀಡ್ ಮೈ ಡಾಟರ್’ ಎಂದರೆ ಅನರ್ಥ. ಅಲ್ಲಿ ‘ಆಫ್’ ಸೇರಬೇಕು, ಇಲ್ಲವೇ ‘ಮಗಳಿಗೆ ಮದುವೆಯಾಯಿತು’ ಎಂಬರ್ಥದ ವಾಕ್ಯ ಹುಡುಕಿಕೊಳ್ಳಬೇಕು.

ಬೆಳಗ್ಗೆ ಕೆಲಸಕ್ಕೆ ಹೊರಟ ಹುಡುಗಿ ಹೊಸಿಲ ಹತ್ತಿರ ನಿಂತು ‘ಹೋಗ್ಬತ್ತೀನಮ್ಮ’ ಎನ್ನುತ್ತಾಳೆ. ಬರಿಯ ‘ಹೋಗ್ತೀನಿ’ ಅನ್ನಬಾರದು ಎಂದು ಎಳೆತನದಿಂದಲೂ ಕಲಿತಿದ್ದಾಳೆ. ಅದೇ ಹುಡುಗಿ ವೈಟ್‌ಫೀಲ್ಡಿನ ಕಚೇರಿಯ ಮುಂಬಾಗಿಲ ಮೇಜಿನಿಂದ ಏಳುವಾಗ ‘ಐ ವಿಲ್ ಗೋ ಅಂಡ್ ಕಮ್’ ಎಂದರೆ ಎದುರಿಗಿದ್ದ ಹೊರದೇಶದ ಅತಿಥಿ ಅರೆಗಳಿಗೆ ಯೋಚಿಸುತ್ತಾರೆ. ಅಲ್ಲಿ ‘ಐ ವಿಲ್ ಬಿ ಬ್ಯಾಕ್’ ಎಂದರೆ ಸರಿಹೋಗುತ್ತದೆ. ಮನೆಯ ಹೊಸಿಲಲ್ಲಿ ಆ ಇಂಗ್ಲಿಷು ಬೇಕಿಲ್ಲ, ಕಚೇರಿಯಲ್ಲಿ ಈ ಕನ್ನಡ ಸಾಲದು. ಅವಳಿಗೆ ಎರಡೂ ಬರಬೇಕು.

ಬರಬೇಕು ಎಂಬ ಈ ಪದವೇ ಕಾಡುಗೋಡಿ ಮೆಟ್ರೊ ನಿಲ್ದಾಣದ ಹೊರಗೆ, ಆಟೊಗಳ ಸಾಲಿನ ಹತ್ತಿರ, ದಿನವಿಡೀ ಓಡಾಡುತ್ತದೆ. ‘ಕನ್ನಡ ಬರುತ್ತಾ?’ ಇಂಗ್ಲಿಷಿಗೆ ಇದನ್ನು ತಿರುಗಿಸಿದರೆ ಸ್ಪೀಕ್ ಬೇಕು, ನೋ ಬೇಕು, ಕ್ಯಾನ್ ಬೇಕು. ಕನ್ನಡದಲ್ಲಿ ಭಾಷೆಯೇ ನಡೆದು ಮನುಷ್ಯನ ಹತ್ತಿರ ಬರುತ್ತದೆ. ಈಜು ಬರುತ್ತೆ, ಅಡುಗೆ ಬರುತ್ತೆ, ಸೈಕಲ್ಲು ಬರುತ್ತೆ ಎನ್ನುವ ಹಾಗೆ. ಹೊಸದಾಗಿ ಕನ್ನಡ ಕಲಿತವರು ಇಂಗ್ಲಿಷಿನ ‘ಐ’ ಹಿಡಿದು ‘ನಾನು ಕನ್ನಡ ಬರುತ್ತೇನೆ’ ಎಂದುಬಿಡುತ್ತಾರೆ. ‘ಹಿ ಟೋಲ್ಡ್ ಟು ಮಿ’ ಎಂಬುದರ ಇನ್ನೊಂದು ದಡ ಅದು. ಆಟೊದವರು ಅದಕ್ಕೆ ನಗುವುದಿಲ್ಲ. ಮೀಟರು ಹಾಕುತ್ತ ಮೆಲ್ಲನೆ ತಿದ್ದುತ್ತಾರೆ: ‘ನನಗೆ ಅನ್ನಿ ಸಾರ್. ನನಗೆ ಕನ್ನಡ ಬರುತ್ತೆ.’